ಬಂದಕುರಿ ಎಂಬ ಲೇಯರು

ಯಲ್ಲಕ್ಕನ ಮುಂದೆ ಕಸದಂಥ ಫೈಲು ತಂದಿಟ್ಟವರಿಗೆ ಮೊದಲು ಬೈಗುಳ, ಆಮೇಲೆ ಚಹಾ. ಈ ಕ್ರಮ ಜಮಖಂಡಿಯ ನಕ್ಷೆಗಾರರಿಗೆಲ್ಲ ಗೊತ್ತಿತ್ತು. ಮುಧೋಳದಿಂದ, ಬೀಳಗಿಯಿಂದ, ರಬಕವಿ-ಬನಹಟ್ಟಿಯಿಂದ ದಪ್ಪ ಮೀಸೆಯ ಗಂಡಸರು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಬಸ್ಸಿಳಿದು, ಶಿದ್ರಾಮಪ್ಪನವರ ಸರ್ವೆ ಆಫೀಸಿನ ಮೆಟ್ಟಿಲು ಹತ್ತಿ ಬಂದು, ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅವಳು ಫೈಲು ತೆರೆದು ಲೇಯರುಗಳ ಪಟ್ಟಿಯ ಮೇಲೆ ಕಣ್ಣಾಡಿಸಿದ ಕೂಡಲೇ ಶುರುವಾಗುತ್ತಿತ್ತು.

“ನ್ಯೂ, ನ್ಯೂ ಒನ್, ನ್ಯೂ ಟೂ, ಲಾಸ್ಟ್, ಲಾಸ್ಟ್ ಫೈನಲ್. ಇವೇನ್ ಹೆಸರೇನ್ರಿ? ಮನ್ಯಾಗ ಮಕ್ಕಳಿಗೂ ಹಿಂಗ ಹೆಸರ ಇಟ್ಟೀರೇನು?”

“ಅವಸರದಾಗ ಆಗೇತ್ರಿ, ಯಲ್ಲಕ್ಕಾರ.”

“ಅವಸರದಾಗ ಉಣ್ಣೂದ ಮರೀತೀರೇನು? ಕುಂದರ್ರಿ. ಚಾ ತರಸ್ತೇನಿ.”

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡಬೇಕು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್‌ನಲ್ಲಿ ಎಲ್ಲ ಗೆರೆಗಳೂ ಒಂದೇ ಹಾಳೆಯ ಮೇಲೆ ಇರುವುದಿಲ್ಲ. ಹೊಳೆಯದು ಒಂದು ಪದರ, ರಸ್ತೆಯದು ಒಂದು, ಮನೆಗಳದು ಒಂದು, ಹೊಲದ ಬದುಗಳದು ಇನ್ನೊಂದು. ಇವಕ್ಕೆ ಲೇಯರು ಎನ್ನುತ್ತಾರೆ. ಪ್ರತಿ ಲೇಯರಿನ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಬಲ್ಬಿನ ಚಿತ್ರವಿರುತ್ತದೆ. ಅದನ್ನು ಒತ್ತಿ ಆರಿಸಿದರೆ ಆ ಲೇಯರಿನ ಗೆರೆಗಳೆಲ್ಲ ಪರದೆಯಿಂದ ಮಾಯ, ಮತ್ತೆ ಒತ್ತಿದರೆ ಹಾಜರು. ಆರಿಸಿದ್ದು ಪ್ರಿಂಟಿನಲ್ಲಿಯೂ ಬರುವುದಿಲ್ಲ. ಯಾವ ಗೆರೆ ಯಾವ ಲೇಯರಿಗೆ ಸೇರಬೇಕೋ ಅಲ್ಲಿದ್ದರೆ ನಕ್ಷೆಯಷ್ಟು ಹೇಳಿದ ಮಾತು ಕೇಳುವ ವಸ್ತು ಬೇರೆ ಇಲ್ಲ. ಸೇರಬೇಕಾದಲ್ಲಿ ಇಲ್ಲದಿದ್ದರೆ ಮೂರು ದಿನ ಕೂತರೂ ಒಂದು ಮನೆಯ ಗೋಡೆ ಸಿಗುವುದಿಲ್ಲ.

ಯಲ್ಲಕ್ಕ ತುಬಚಿ ಕಡೆಯ ಕುರಿಗಾರರ ಮನೆಯ ಮಗಳು. ಅವಳ ಅಪ್ಪ ಅಮಸಿದ್ದಪ್ಪ ಬೀರಪ್ಪ ದೇವರ ಭಕ್ತ, ಹೆಗಲ ಮೇಲೆ ಕಂಬಳಿ ಇಲ್ಲದೆ ಯಾರೂ ಅವನನ್ನು ಕಂಡದ್ದಿಲ್ಲ. ಹತ್ತು ವರ್ಷದ ತನಕ ಅವಳೂ ಬೆಳಗಾದರೆ ಅಪ್ಪನ ಹಿಂಡಿನ ಹಿಂದೆ ನಡೆದವಳೇ. ಸಾಲಿಯ ಮಾಸ್ತರರೊಬ್ಬರು, ಈ ಹುಡುಗಿಯ ಕೈ ಬರೆಯುವ ಕೈ, ಕೋಲು ಹಿಡಿಸಬೇಡ ಎಂದು ಅಮಸಿದ್ದಪ್ಪನ ಬೆನ್ನು ಹತ್ತಿ ಓದಿಸಿದರು. ಐಟಿಐ ಮುಗಿಸಿ, ನಕ್ಷೆ ಬರೆಯುವುದನ್ನು ಕಲಿತು, 1997ರಲ್ಲಿ ಅವಳು ಶಿದ್ರಾಮಪ್ಪನವರ ಆಫೀಸಿಗೆ ಬಂದಳು.

ಆಗ ಕಂಪ್ಯೂಟರು ಇರಲಿಲ್ಲ. ಗಾಜಿನ ಮೇಜು, ಗಾಜಿನ ಕೆಳಗೆ ಟ್ಯೂಬ್‌ಲೈಟು, ಮೇಲೆ ಬೆಳಕು ಹಾಯುವ ಟ್ರೇಸಿಂಗ್ ಹಾಳೆ, ಕೈಯಲ್ಲಿ ಶಾಯಿ ಪೆನ್ನು. ಶಿದ್ರಾಮಪ್ಪ ಹೊಳೆಗೊಂದು ಹಾಳೆ, ಊರಿಗೊಂದು ಹಾಳೆ, ದಾರಿಗೊಂದು ಹಾಳೆ ಬರೆಸಿ ಒಂದರ ಮೇಲೊಂದು ಇಟ್ಟು ನೋಡುತ್ತಿದ್ದರು. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ವರ್ಷಗಳವು. ಬೀಳಗಿ ಕಡೆಯ ಎಷ್ಟೋ ಊರುಗಳನ್ನು, ಅವು ನೀರಿಗೆ ಹೋಗುವ ಮೊದಲು, ಯಲ್ಲಕ್ಕ ಮನೆಮನೆಯಾಗಿ ಶಾಯಿಯಲ್ಲಿ ಬರೆದಳು. ಒಮ್ಮೆ ಒಂದು ದನದ ಕೊಟ್ಟಿಗೆ ಬಿಟ್ಟುಹೋಗಿತ್ತು. ಸಿಟ್ಟು ಮಾಡುವ ಸ್ವಭಾವದವರಲ್ಲದ ಶಿದ್ರಾಮಪ್ಪ ಅವತ್ತು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಂಗೀ, ಒಂದ ಮಾತ ನೆಪ್ಪಿಟ್ಕೊ. ಹಾಳಿ ಮ್ಯಾಲ ಇದ್ದದ್ದು ಐತಿ, ಇಲ್ಲದ್ದು ಇಲ್ಲ. ಭೂಮಿ ಮ್ಯಾಲ ನೂರ ವರ್ಷ ಇದ್ರೂ ಹಾಳಿ ಮ್ಯಾಲ ಇರಲಿಲ್ಲಂದ್ರ ಸರಕಾರಕ್ಕ ಅದು ಕಾಣೂದಿಲ್ಲ.”

ಯಲ್ಲಕ್ಕ ನೆಪ್ಪಿಟ್ಟುಕೊಂಡಳು. ಆರು ವರ್ಷದ ನಂತರ ಆಫೀಸಿಗೆ ಕಂಪ್ಯೂಟರು ಬಂದಾಗ ಉಳಿದವರು ಅದರ ಎದುರು ಅಳಿಯಂದಿರ ಹಾಗೆ ಬಿಗಿದು ಕೂತರೆ, ಅವಳು ಒಂದೇ ವಾರದಲ್ಲಿ ಲೇಯರು ಎಂದರೆ ಶಿದ್ರಾಮಪ್ಪನವರ ಹಾಳೆಗಳೇ ಎಂದು ಕಂಡುಕೊಂಡಳು. ಒಂದು ವ್ಯತ್ಯಾಸವನ್ನೂ ಕಂಡುಕೊಂಡಳು. ಟ್ರೇಸಿಂಗ್ ಹಾಳೆಗಳನ್ನು ಐದಾರಕ್ಕಿಂತ ಹೆಚ್ಚು ಪೇರಿಸಿದರೆ ಬೆಳಕು ಹಾಯುವುದಿಲ್ಲ, ಆದ್ದರಿಂದ ಮನುಷ್ಯ ಮಿತಿಯಲ್ಲಿ ಇರುತ್ತಾನೆ. ಕಂಪ್ಯೂಟರಿನಲ್ಲಿ ಆ ಅಡ್ಡಿ ಇಲ್ಲ. ಇಲ್ಲವೆಂದೇ ಜನ ಹುಚ್ಚುಹುಚ್ಚಾಗಿ ಲೇಯರು ಹುಟ್ಟಿಸುತ್ತಾರೆ. ಒಂದು ಊರಿನ ನಕ್ಷೆಗೆ ನೂರಾ ನಲವತ್ತು ಲೇಯರು ಮಾಡಿದ ಮಹಾನುಭಾವರನ್ನು ಅವಳು ಕಂಡಿದ್ದಳು. ಬೈಯದೆ ಏನು ಮಾಡಿಯಾಳು?

ಅವಳು ಲೇಯರುಗಳನ್ನು ಬೇರ್ಪಡಿಸುವ ರೀತಿ ಮಾತ್ರ ಯಾವ ಪುಸ್ತಕದ್ದೂ ಅಲ್ಲ, ಅಪ್ಪನದು. ಎರಡು ಹಿಂಡು ನೀರಿನ ಹತ್ತಿರ ಬೆರೆತುಹೋದರೆ ಕುರಿಗಾರರು ಒಂದೊಂದು ಕುರಿಯ ಹಿಂದೆ ಓಡುವುದಿಲ್ಲ. ಇಬ್ಬರೂ ದೂರ ನಿಂತು ತಮ್ಮ ತಮ್ಮ ಕೂಗು ಹಾಕುತ್ತಾರೆ. ಕೂಗು ಗೊತ್ತಿದ್ದವು ತಾವಾಗಿಯೇ ಎರಡು ಕಡೆಗೆ ಸರಿಯುತ್ತವೆ. ಉಳಿದವುಗಳ ಕಿವಿ ನೋಡಬೇಕು. ಪ್ರತಿ ಮನೆತನಕ್ಕೂ ಕಿವಿಯಲ್ಲಿ ಒಂದು ಸೀಳಿನ ಗುರುತಿರುತ್ತದೆ. ಯಲ್ಲಕ್ಕನೂ ಹಾಗೆಯೇ. ಮೊದಲು ಬಣ್ಣದಿಂದ, ಗೆರೆಯ ಬಗೆಯಿಂದ ದೊಡ್ಡ ಗುಂಪುಗಳನ್ನು ಒಂದೇ ಸಲಕ್ಕೆ ಕರೆದು ಅವುಗಳ ಲೇಯರಿಗೆ ಸೇರಿಸುತ್ತಿದ್ದಳು. ಆಮೇಲೆ ಉಳಿದ ಗೆರೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಪಟ್ಟಿ ಅಕ್ಷರದ ಸಾಲಿನಲ್ಲಿ ಹಿಂದೆ ಮುಂದೆ ಆಗದಿರಲಿ ಎಂದು ಹೆಸರಿನ ಮುಂದೆ ಅಂಕಿ ಹಾಕುತ್ತಿದ್ದಳು. ಹತ್ತು ಹೊಳೆ, ಇಪ್ಪತ್ತು ಹಳ್ಳ, ಮೂವತ್ತು ರಸ್ತೆ, ನಲವತ್ತು ಮನೆ. ಅವಳ ಗಂಡ ದುಂಡೇಶ ಲೋಕಾಪುರದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಬೆಸೆಯುವ ಕೆಲಸದವನು. ಅಡುಗೆಮನೆಯ ಡಬ್ಬಿಗಳ ಮೇಲೂ ಇಪ್ಪತ್ತು ಬ್ಯಾಳಿ, ಮೂವತ್ತು ಸಕ್ಕರಿ ಎಂದು ಚೀಟಿ ಅಂಟಿದ್ದು ನೋಡಿ, “ನನಗೆಷ್ಟ ನಂಬರ ಬೇ?” ಎಂದು ಕೇಳುತ್ತಿದ್ದ.

ಯಾರ ಗುರುತಿಗೂ ಹೊಂದದ ಕುರಿ ಹಿಂಡಿನಲ್ಲಿ ಉಳಿದರೆ ಅದಕ್ಕೆ ಬಂದಕುರಿ ಎನ್ನುತ್ತಿದ್ದರು. ಅದನ್ನು ಓಡಿಸುವಂತಿಲ್ಲ, ಮಾರುವಂತಿಲ್ಲ, ಉಣ್ಣೆ ಕತ್ತರಿಸುವಂತಿಲ್ಲ, ಅದರ ಕಿವಿಗೆ ತಮ್ಮ ಗುರುತು ಹಾಕುವಂತಿಲ್ಲ. ತಮ್ಮ ಕುರಿಗಳ ಜೊತೆಗೇ ಮೇಯಿಸಿ, ದೊಡ್ಡಿಯಲ್ಲಿ ಕೂಡಿಟ್ಟು, ಮಾಲೀಕ ಬರುವ ತನಕ ಕಾಯಬೇಕು. ಬಂದವನು ಕಿವಿ ನೋಡಿ, ಬೀರಪ್ಪನ ಹೆಸರಿನಲ್ಲಿ ಒಂದು ಕಾಯಿ ಒಡೆದು ಕರೆದೊಯ್ಯುತ್ತಾನೆ. ಅಮಸಿದ್ದಪ್ಪ ಒಂದು ಬಂದಕುರಿಯನ್ನು ನಾಲ್ಕು ವರ್ಷ ಇಟ್ಟುಕೊಂಡಿದ್ದ. ಯಲ್ಲಕ್ಕನ ಪ್ರತಿ ಫೈಲಿನಲ್ಲಿಯೂ ಪಟ್ಟಿಯ ಕಟ್ಟಕಡೆಗೆ ತೊಂಬತ್ತೊಂಬತ್ತು ಬಂದಕುರಿ ಎಂಬ ಲೇಯರು ಇರುತ್ತಿತ್ತು. ಯಾವುದಕ್ಕೂ ಸೇರದ ಗೆರೆಗಳು ಅಲ್ಲಿ. ಉಳಿದ ಆಫೀಸುಗಳವರು ಇಂಥವನ್ನು ಅಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಅವಳು ಅಳಿಸುತ್ತಿರಲಿಲ್ಲ. ಅಳತೆ ಮಾಡಿಕೊಂಡು ಬಂದವನನ್ನು ಕೇಳಿ, ಗೊತ್ತಾದ ಮೇಲೆ ಅದರದರ ಲೇಯರಿಗೆ ಕಳಿಸುತ್ತಿದ್ದಳು. ಆರು ವರ್ಷ ಹೀಗೆ ಒಂದೂ ತಪ್ಪಿಲ್ಲದೆ ನಡೆಯಿತು. ಆಮೇಲೆ ತಪ್ಪಿತು.

2009ರಲ್ಲಿ ತುಬಚಿ ಕಡೆಗೆ ಒಂದು ಕವಲು ಕಾಲುವೆಯ ನಕ್ಷೆಯ ಕೆಲಸ ಬಂತು. ಅಳತೆ ಮಾಡಿದವನು ಮಾಳು, ಕೆಲಸದಲ್ಲಿ ಗಟ್ಟಿ, ಬರವಣಿಗೆಯಲ್ಲಿ ಸೊನ್ನೆ. ಅಳತೆ ಮುಗಿಸಿ ಫೈಲು ಒಪ್ಪಿಸಿ, ಹೊಸಪೇಟೆ ಕಡೆ ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋಗಿದ್ದ. ಯಲ್ಲಕ್ಕ ಎಂಟು ದಿನ ಕೂತು ಅವನ ಲೇಯರುಗಳನ್ನೆಲ್ಲ ಬೇರ್ಪಡಿಸಿದಳು. ಕೊನೆಗೆ ಒಂದು ತುಂಡು ತುಂಡು ಗೆರೆ ಉಳಿಯಿತು. ಬದುವಲ್ಲ, ಹಳ್ಳವಲ್ಲ, ಗಾಡಿದಾರಿಯಷ್ಟು ಅಗಲವೂ ಇಲ್ಲ. ದಕ್ಷಿಣದ ಬೀಳಿನಿಂದ ಹೊರಟು, ಕಾಲುವೆಯ ಗೆರೆಯನ್ನು ಅಡ್ಡ ದಾಟಿ, ಹೊಳೆಯ ತನಕ ಹೋಗಿತ್ತು. ಕಾಲುವೆ ದಾಟಿದ ಮೇಲೆ, ಮರವಿಲ್ಲ, ಬಂಡೆಯಿಲ್ಲ, ಮನೆಯಿಲ್ಲ, ಬಟ್ಟಬಯಲಿನ ನಡುವೆ ಅದು ಸುಮ್ಮನೆ ಎಡಕ್ಕೆ ಹೊರಳಿ ಅರ್ಧ ಸುತ್ತು ಹಾಕಿ ಮತ್ತೆ ನೆಟ್ಟಗಾಗಿತ್ತು. ಕಾರಣವಿಲ್ಲದೆ ಯಾವ ದಾರಿಯೂ ಹೊರಳುವುದಿಲ್ಲ. ಯಲ್ಲಕ್ಕ ಅದನ್ನು ಅಳತೆಯ ತಪ್ಪೆಂದೇ ಬಗೆದಳು. ಮಾಳುವಿಗೆ ಒಂದು ಸಲ ಫೋನು ಹಚ್ಚಿದಳು. ಸ್ವಿಚ್ ಆಫ್ ಎಂದಿತು. ಎರಡನೇ ಸಲ ಹಚ್ಚಲಿಲ್ಲ.

“ತಂಗೀ, ನಾಳೆ ನಕ್ಷಾದ ಸೀಟ್ ಕೊಡಬೇಕು. ಸ್ವಚ್ಛ ಇರ್ಲಿ. ಹೆಸರಿಲ್ಲದ ಗೆರಿ ಕಂಡ್ರ ಅವರು ನೂರ ಪ್ರಶ್ನೆ ಕೇಳ್ತಾರ,” ಎಂದರು ಶಿದ್ರಾಮಪ್ಪ.

ಅವಳು ಆ ಗೆರೆಯನ್ನು ಬಂದಕುರಿಗೆ ಹಾಕಿ, ಬಲ್ಬು ಆರಿಸಿ, ಪ್ರಿಂಟ್ ತೆಗೆದಳು. ಕನ್ನಡಿಯಂಥ ನಕ್ಷೆ. ಕೆಳಗಿನ ಮೂಲೆಯಲ್ಲಿ ಬರೆದವರು ಎಂಬ ಜಾಗದಲ್ಲಿ ತನ್ನ ಹೆಸರು ಹಾಕಿದಳು. ಕಾಲುವೆಯ ಕಚೇರಿಯವರು ನೋಡಿ ಬಹಳ ಮೆಚ್ಚಿಕೊಂಡರೆಂದು ಶಿದ್ರಾಮಪ್ಪ ಪೇಢೆ ತಂದು ಹಂಚಿದರು. ಅವಳು ಎರಡು ತಿಂದಳು.

ಎರಡು ತಿಂಗಳಾದ ಮೇಲೆ ಒಂದು ರವಿವಾರ ಅವಳು ತವರಿಗೆ ಹೋಗಿದ್ದಳು. ಅಮಸಿದ್ದಪ್ಪ ಊಟಕ್ಕೆ ಕೂತಿದ್ದ, ರೊಟ್ಟಿ ಮುರಿಯುತ್ತಲೇ ಊರಿನ ಸುದ್ದಿ ಹೇಳುತ್ತಿದ್ದ.

“ಕಾಲವಿ ಬರಾಕತ್ತೈತಿ. ಛಲೋನ ಆತು, ಹೊಲದಾವ್ರು ಕಬ್ಬು ಹಚ್ತಾರ. ಆದರ ನಮ್ಮ ದಾರಿ ಮ್ಯಾಲ ದಾಟಾಕ ಪೂಲ ಇಲ್ಲಂತ ನೋಡು, ಒಂದ ಸಣ್ಣ ಸೇತುವಿ ಸುದ್ದಾ ಇಲ್ಲ.”

“ಯಾವ ದಾರಿ ಅಪ್ಪಾ?”

“ಯಾವ ದಾರಿ ಅಂದ್ರ? ಬ್ಯಾಸಗ್ಯಾಗ ಹೊಳಿಗೆ ಹೊಡ್ಕೊಂಡ ಹೋಗ್ತೀವಲ್ಲ, ನಮ್ಮ ಕುರಿ ದಾರಿ. ಕಾಲವಿ ಗುರುತಿನ ಕಲ್ಲ ಹಾಕಾಕ ಬಂದಾವ್ನ ಕೇಳಿದ್ನಿ. ನಕ್ಷಾ ಬಿಚ್ಚಿ ತೋರ್ಸಿದ. ಇಲ್ಲಿ ದಾರೀನ ಇಲ್ಲ ಮುತ್ತ್ಯಾ, ಪೂಲ ಎಲ್ಲಿಂದ ಬರಬೇಕು ಅಂದ. ನಾ ಅದರ ಮ್ಯಾಲ ನಿಂತೇನಿ, ಇಲ್ಲ ಅಂತಾನ!” ಅಮಸಿದ್ದಪ್ಪ ನಕ್ಕ. ನಗು ಬೇಗ ನಿಂತಿತು. “ಆಳ ಕಾಲವಿ ಬೇ. ಎರಡೂ ಕಡಿ ಸಿಮೆಂಟು. ಬಿದ್ದ ಕುರಿ ಮ್ಯಾಲ ಹತ್ತೂದಿಲ್ಲ. ಸುತ್ತಿ ಹೋಗೂನಂದ್ರ ಹರದಾರಿ ದೂರ, ಎಲ್ಲಾ ಕಬ್ಬಿನ ಹೊಲ, ಯಾರ ಬಿಡ್ತಾರ? ಹನ್ನೊಂದ ಮನೀ ಕುರಿ ಅದಾವು. ನೀರಿಲ್ಲಂದ್ರ ಮಾರೂದ ಆಗ್ತೈತಿ.”

ಯಲ್ಲಕ್ಕ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದಳು. ಬೀಳಿನಿಂದ ಹೊರಟು, ಕಾಲುವೆ ದಾಟಿ, ಹೊಳೆಯ ತನಕ. ಆ ತುಂಡು ಗೆರೆ ಕಣ್ಣ ಮುಂದೆ ಬಂತು. ಹತ್ತು ವರ್ಷದ ತನಕ ಆ ದಾರಿಯ ಧೂಳು ತಿಂದವಳು ಅವಳು. ಆದರೆ ಯಾವಾಗಲೂ ಕುರಿಗಳ ಹಿಂದಿನಿಂದ ಕಂಡವಳು, ಮೇಲಿನಿಂದ ಒಮ್ಮೆಯೂ ನೋಡಿರಲಿಲ್ಲ. ಯಾರದೋ ಗೊತ್ತಿಲ್ಲದ ದಾರಿಯಾಗಿದ್ದರೆ ಒಂದು ಮಾತಾಗಿತ್ತು. ಇದು ಅವಳ ಮನೆಯ ದಾರಿಯೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಅಪ್ಪನಿಗೆ ಹೇಳಬೇಕೆಂದು ಬಾಯಿ ತೆರೆದಳು, ಧೈರ್ಯ ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಜಮಖಂಡಿಗೆ ಹೊರಟುಬಿಟ್ಟಳು.

ಮರುದಿನ ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದು ಫೈಲು ತೆರೆದು, ಪಟ್ಟಿಯ ಕೊನೆಗಿದ್ದ ಬಂದಕುರಿಯ ಬಲ್ಬು ಹಚ್ಚಿದಳು. ಗೆರೆ ಇತ್ತು. ಒಂದು ತುಂಡೂ ಅಳಿದಿರಲಿಲ್ಲ. ಲೋಕಾಪುರದ ಮಾಳುವಿನ ಮನೆಗೆ ಫೋನು ಮಾಡಿದಳು, ಅವನ ಅವ್ವ ಹೊಸ ನಂಬರು ಕೊಟ್ಟಳು, ಮಾಳು ಮೊದಲ ರಿಂಗಿಗೇ ಎತ್ತಿದ.

“ಅದಾ ಅಕ್ಕಾ? ಅದು ಕುರಿ ದಾರಿ. ನಾ ಒಂದ ಹಿಂಡಿನ ಹಿಂದ ನಡಕೋತ ಹೋಗಿ ಅಳತಿ ತಗೊಂಡಿದ್ನಿ. ಹೆಸರ ಬರಿಯೂದ ಮರತ್ನೇನೋ. ಯಾಕ, ಏನಾತು?”

ಏನೂ ಇಲ್ಲ ಎಂದು ಇಟ್ಟಳು. ಗಡಿಯಾರ ನೋಡಿಕೊಂಡಳು. ಎಲ್ಲ ಸೇರಿ ಹತ್ತು ನಿಮಿಷವಾಗಿತ್ತು. ಆ ಹತ್ತು ನಿಮಿಷವನ್ನು ಅವತ್ತೇ ಕೊಡದ ತನ್ನ ಮೇಲೆ ಅವಳಿಗೆ ಬಂದ ಸಿಟ್ಟು, ನೂರಾ ನಲವತ್ತು ಲೇಯರಿನ ಮಹಾನುಭಾವನ ಮೇಲೂ ಬಂದಿರಲಿಲ್ಲ.

ಶಿದ್ರಾಮಪ್ಪ ಬಂದ ಮೇಲೆ ಎಲ್ಲವನ್ನೂ ಹೇಳಿದಳು. ಅವರು ಕುರ್ಚಿ ಎಳೆದುಕೊಂಡು ಪರದೆಯ ಮೇಲಿನ ಗೆರೆಯನ್ನು ತುದಿಯಿಂದ ತುದಿಗೆ ನೋಡಿದರು. ಆಫೀಸಿಗೆ ಹೆಸರು ಬಂದದ್ದೇ ನಂಬಿಕೆಯಿಂದ. ಅವರ ಮುಖ ಸಣ್ಣಗಾದದ್ದು ಅವಳಿಗೆ ಕಂಡಿತು.

“ಒಂದ ಕೆಲಸ ಮಾಡೂನು,” ಎಂದರು ಕೊನೆಗೆ. “ನಿಮ್ಮ ಅಪ್ಪನ ಕಡಿಯಿಂದ ಒಂದ ಅರ್ಜಿ ಕೊಡ್ಸು. ಊರಾವ್ರು ಹೊಸಾ ಪೂಲ ಬೇಡ್ಯಾರ ಅಂತ ಆಗ್ತೈತಿ. ನಮ್ಮ ಸೀಟಿನ ಮಾತ ಬರೂದಿಲ್ಲ.”

“ಹೊಸಾ ಬೇಡಿಕಿ ಅಂದ್ರ ಸರ, ಕೊಟ್ರ ಕೊಟ್ರು, ಇಲ್ಲಂದ್ರ ಇಲ್ಲ. ಅರ್ಜಿ ಸುತ್ತಾಡಿ ಬರೂದ್ರಾಗ ಕಾಲವಿ ಮುಗೀತೈತಿ. ಹಳೇ ದಾರಿ ಬಿಟ್ಟೀವಿ ಅಂತ ಹೇಳಿದ್ರ ಅವರು ಪೂಲ ಹಾಕಲಿಕ್ಕೇ ಬೇಕು.”

“ಹೆಸರ ಕೆಡ್ತೈತಿ ತಂಗೀ.”

“ನೀವ ಹೇಳಿದ್ರಿ ಸರ. ಹಾಳಿ ಮ್ಯಾಲ ಇಲ್ಲದ್ದು ಸರಕಾರಕ್ಕ ಕಾಣೂದಿಲ್ಲ ಅಂತ. ನಮ್ಮಪ್ಪ ಹೋಗಿ ಆ ದಾರಿ ಮ್ಯಾಲ ನಿಂತಾನ್ರಿ, ಆದ್ರೂ ಅವರಿಗೆ ದಾರಿ ಕಂಡಿಲ್ಲ.”

ಶಿದ್ರಾಮಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒರೆಸಿ ಮತ್ತೆ ಹಾಕಿಕೊಂಡರು. “ಸ್ವಚ್ಛ ಇರ್ಲಿ ಅಂದಾವ ನಾನ,” ಎಂದರು. “ಪತ್ರಾ ಟೈಪ್ ಮಾಡು. ಸಹಿ ಮಾಡ್ತೇನಿ.”

ನಕ್ಷೆಯ ಮೂಲೆಯಲ್ಲಿ ತಿದ್ದುಪಡಿಯ ಕಾರಣ ಬರೆಯುವ ಸಣ್ಣ ಮನೆಯೊಂದು ಇರುತ್ತದೆ. ಎಲ್ಲ ಆಫೀಸುಗಳೂ ಅಲ್ಲಿ, ಕಚೇರಿಯ ಸೂಚನೆಯಂತೆ, ಎಂದು ಬರೆದು ಪಾರಾಗುತ್ತವೆ. ಯಲ್ಲಕ್ಕ ಬಂದಕುರಿಯಿಂದ ಆ ಗೆರೆಯನ್ನು ತೆಗೆದು, ಮೂವತ್ತೈದು ಕುರಿದಾರಿ ಎಂಬ ಹೊಸ ಲೇಯರು ಮಾಡಿ ಅದಕ್ಕೆ ಸೇರಿಸಿದಳು. ಕಾರಣದ ಮನೆಯಲ್ಲಿ, ಬರೆದವರ ತಪ್ಪಿನಿಂದ ಬಿಟ್ಟುಹೋದ ಕುರಿ ದಾರಿ ಸೇರಿಸಿದೆ, ಎಂದು ಬರೆದು ಪಕ್ಕದಲ್ಲಿ ತನ್ನ ಹೆಸರು ಹಾಕಿದಳು.

ಕಾಲುವೆಯ ಕಚೇರಿಯಲ್ಲಿ ಆ ಭಾಗ ನೋಡಿಕೊಳ್ಳುತ್ತಿದ್ದವರು ರಾಜೇಶ್ವರಿ ಎಂಬ ಎಂಜಿನಿಯರು. ವಯಸ್ಸು ಚಿಕ್ಕದು, ಮಾತು ನೇರ. ಹಾಳೆ ಬಿಚ್ಚಿ ಮೂಲೆಯ ಸಾಲು ಓದಿ ಹುಬ್ಬೇರಿಸಿದರು.

“ಇಂಥಾದ್ದು ಬರದು ಕೊಟ್ಟಾವ್ರನ್ನ ಇದ ಮೊದಲು ನೋಡಾಕತ್ತೇನಿ,” ಎಂದರು. ಆಮೇಲೆ ಬೆರಳು ಗೆರೆಯ ಮೇಲೆ ಸರಿಯುತ್ತ ಹೋಗಿ ಆ ತಿರುವಿನ ಹತ್ತಿರ ನಿಂತಿತು. “ಆದರ ಯಲ್ಲಕ್ಕಾರ, ಇದು ದಾರಿ ಅಂತ ಹೆಂಗ ನಂಬಬೇಕು? ಏನೂ ಇಲ್ಲದ ಬಯಲಾಗ ಯಾಕ ಡೊಂಕಾಗೇತಿ? ಅಳತಿ ತಪ್ಪಿರಬೇಕು. ತಪ್ಪ ಗೆರಿ ನಂಬಿ ನಾ ಪೂಲ ಬರದ್ರ ಮ್ಯಾಲಿನಾವ್ರು ಕೇಳ್ತಾರ.”

ಅದೇ ತಿರುವು ನೋಡಿಯೇ ಅಲ್ಲವೇ ಯಲ್ಲಕ್ಕನೂ ಬಲ್ಬು ಆರಿಸಿದ್ದು? “ನೀವ ಬಂದ ನೋಡ್ರಿ ಮೇಡಂ,” ಎಂದಳು. “ಮನಷಾರನ್ನ ಕೇಳೂದ ಬ್ಯಾಡ. ಕುರಿ ಬಿಡೂನು. ಅವು ನಡದಲ್ಲಿ ಅಳತಿ ತಗೋರಿ. ಗೆರಿಗೆ ಕೂಡಿದ್ರ ಪೂಲ ಬರೀರಿ, ಕೂಡಲಿಲ್ಲಂದ್ರ ನನ್ನ ಹೆಸರ ಕಾಟ ಹೊಡೀರಿ.”

ಆ ಗುರುವಾರ ಬೆಳಿಗ್ಗೆ ರಾಜೇಶ್ವರಿ ಮೇಡಂ ಜೀಪಿನಲ್ಲಿ ಬಂದರು, ಅಳತೆಯವರು ಬಂದರು. ಮಗಳು ಎಂಜಿನಿಯರ್ ಸಾಹೇಬರನ್ನೇ ಕರೆತಂದಿದ್ದಾಳೆಂದು ಅಮಸಿದ್ದಪ್ಪನಿಗೆ ರುಮಾಲು ಎಷ್ಟು ಸಲ ಸುತ್ತಿದರೂ ಸಮಾಧಾನವಿಲ್ಲ. ಬೇಸಿಗೆಯಲ್ಲಿ ಹೊಳೆಗೆ ಹೊರಡುವ ಹಾಗೆ ಹೊರಡು, ಬೇರೆ ಏನೂ ಮಾಡಬೇಡ ಎಂದಳು ಯಲ್ಲಕ್ಕ. ಅವನು ದೊಡ್ಡಿಯ ಬಾಗಿಲು ತೆಗೆದ. ಹಿಂಡು ಬೀಳಿಗೆ ಇಳಿಯಿತು, ಕಾಲುವೆಗೆ ಹಾಕಿದ ಬಿಳಿ ಕಲ್ಲುಗಳ ನಡುವೆ ಹಾಯಿತು, ಹೊಳೆಯ ದಿಕ್ಕು ಹಿಡಿಯಿತು. ಯಲ್ಲಕ್ಕ ನಕ್ಷೆಯ ಮೇಲಿನ ಕಣ್ಣು ಎತ್ತದೆ ಮೇಡಂ ಅವರ ಪಕ್ಕದಲ್ಲಿ ಎಡವುತ್ತ ನಡೆದಳು. ಬಯಲಿನ ನಡುವೆ ಬಂದಾಗ ಮುಂದಿನ ಟಗರು ಎಡಕ್ಕೆ ಹೊರಳಿತು. ಅದರ ಹಿಂದೆ ಎಲ್ಲವೂ ಹೊರಳಿದವು. ಅಲ್ಲಿ ಏನೂ ಇರಲಿಲ್ಲ, ಒಣ ಹುಲ್ಲು ಬಿಟ್ಟರೆ. ಇನ್ನೂರಕ್ಕೂ ಮಿಕ್ಕಿದ ಕುರಿಗಳು ಆ ಏನೂ ಇಲ್ಲದ್ದನ್ನು ಅರ್ಧ ಸುತ್ತು ಹಾಕಿ ಮತ್ತೆ ನೆಟ್ಟಗೆ ನಡೆದವು.

ರಾಜೇಶ್ವರಿ ನಿಂತುಬಿಟ್ಟರು. “ಮುತ್ತ್ಯಾ, ಇಲ್ಲಿ ಯಾಕ ಸುತ್ತ ಹಾಕ್ತಾವು?”

“ಬಾವಿ ಇತ್ರಿ ಇಲ್ಲಿ. ಕಟ್ಟಿ ಇಲ್ಲದ ಹಾಳ ಬಾವಿ. ನೀವ ಹುಟ್ಟೂಕಿಂತ ಮೊದಲ ಮುಚ್ಚ್ಯಾರ.”

“ಮುಚ್ಚಿದ ಮ್ಯಾಲ ನೆಟ್ಟಗ ಹೋಗಬಹುದಲ್ಲ?”

“ಮುಚ್ಚೇತಿ ಅಂತ ಕುರಿಗೆ ಯಾರ ಹೇಳ್ಯಾರ್ರಿ?” ಎಂದ ಅಮಸಿದ್ದಪ್ಪ. “ಅವ್ವ ಹೊಳ್ಳಿದ್ಲು, ಹಿಂದ ಮರಿ ಹೊಳ್ಳಿತು. ಅದು ಅವ್ವ ಆತು, ಅದರ ಹಿಂದ ಅದರ ಮರಿ ಹೊಳ್ಳಿತು. ನಾನೂ ಹೊಳ್ಳತೇನಿ. ನಡುವ ಹೋಗಂದ್ರ ನನಗೂ ಆಗೂದಿಲ್ಲ.”

ಹೊಸ ಅಳತೆಯನ್ನು ಮಾಳುವಿನ ಹಳೆಯ ಗೆರೆಯ ಮೇಲೆ ಇಟ್ಟು ನೋಡಿದಾಗ, ತಿರುವಿಗೆ ತಿರುವು ಕೂಡಿತು. ರಾಜೇಶ್ವರಿ ಮೇಡಂ ಅವತ್ತೇ ಪೂಲು ಬರೆದರು. ಯಲ್ಲಕ್ಕನ ಮೂಲೆಯ ಸಾಲಿನ ವಿಷಯ ಅವರು ಊರಿನಲ್ಲಿ ಯಾರ ಮುಂದೆಯೂ ಎತ್ತಲಿಲ್ಲ. ಆಫೀಸಿನ ಹೆಸರೂ ಕೆಡಲಿಲ್ಲ, ಶಿದ್ರಾಮಪ್ಪ ಸುಮ್ಮನೆ ಹೆದರಿದ್ದೇ ಬಂತು. ಒಂದು ಮಾತ್ರ ಬದಲಾಯಿತು. ಅಂದಿನಿಂದ ಯಲ್ಲಕ್ಕ ಬಂದಕುರಿಯ ಬಲ್ಬು ಆರಿಸಿ ಪ್ರಿಂಟ್ ತೆಗೆಯಲಿಲ್ಲ. ಗುರುತು ಸಿಗದ ಗೆರೆಗಳು ತಿಳಿ ಬಣ್ಣದಲ್ಲಿ, ಪಕ್ಕದಲ್ಲೊಂದು ಪ್ರಶ್ನೆಯ ಚಿಹ್ನೆಯೊಂದಿಗೆ ಹಾಳೆಯ ಮೇಲೆ ಬಂದೇ ಬರುತ್ತಿದ್ದವು. ಹೊಲಸು ಕಾಣುತ್ತದೆ ಎಂದವರಿಗೆ, ಕಾಣಲಿ ಎನ್ನುತ್ತಿದ್ದಳು.

ಮುಂದಿನ ಬೇಸಿಗೆಯ ಹೊತ್ತಿಗೆ ಪೂಲು ಎದ್ದಿತು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಹಿಂಡು ಮೊದಲ ಸಲ ದಾಟುವ ದಿನ ಬರಲೇಬೇಕೆಂದು ಅಮಸಿದ್ದಪ್ಪ ಮೂರು ಸಲ ಫೋನು ಮಾಡಿಸಿದ್ದ. ಹೊಸ ಸಿಮೆಂಟಿನ ವಾಸನೆಗೆ ಕುರಿ ಹೆಜ್ಜೆ ಇಡುವುದಿಲ್ಲವೆಂದು ಹಿಂದಿನ ದಿನವೇ ಹನ್ನೊಂದು ಮನೆಯವರೂ ದೊಡ್ಡಿಯ ಮಣ್ಣು, ಹಿಕ್ಕೆ ಹೊತ್ತು ತಂದು ಪೂಲಿನ ತುಂಬ ಹರಡಿದ್ದರು. ಬೀರಪ್ಪನ ಹೆಸರಿನಲ್ಲಿ ಕಾಯಿ ಒಡೆದರು. ಭಂಡಾರದ ಅರಿಶಿನಪುಡಿ ತೂರಿದರು. ಅಮಸಿದ್ದಪ್ಪನ ಅಕ್ಕ ಹಾಲವ್ವ ಯಲ್ಲಕ್ಕನ ಹಣೆಗೂ ಭಂಡಾರ ಹಚ್ಚಿ, “ಇದು ನಮ್ಮ ಯಲ್ಲೂ ತಂದ ಪೂಲ,” ಎಂದಳು. ಎಲ್ಲರೂ ಅದನ್ನೇ ಅಂದರು. ಅಮಸಿದ್ದಪ್ಪ ಅದನ್ನು ಹಾದಿಯಲ್ಲಿ ಹೋಗುವವರಿಗೂ ನಿಲ್ಲಿಸಿ ಹೇಳುತ್ತಿದ್ದ.

ಯಲ್ಲಕ್ಕನಿಗೆ ನಿಲ್ಲಲಾಗಲಿಲ್ಲ. ಒಂದು ವರ್ಷದಿಂದ ಈ ಹೊಗಳಿಕೆಯನ್ನು ನುಂಗಿ ನುಂಗಿ ಅವಳಿಗೆ ಸಾಕಾಗಿತ್ತು. ಅಪ್ಪನ ತೋಳು ಹಿಡಿದು ಪೂಲಿನ ಆಚೆ ಬದಿಗೆ ಕರೆದುಕೊಂಡು ಹೋದಳು.

“ಅಪ್ಪಾ, ಎಲ್ಲಾರಿಗೂ ಹಂಗ ಹೇಳಬ್ಯಾಡ. ನಕ್ಷಾದಾಗಿನ ದಾರಿ ತಗದಾಕಿ ನಾನ.”

ಅಮಸಿದ್ದಪ್ಪನಿಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಗೆರೆ ಬಂದದ್ದು, ಯಾವುದೆಂದು ತಿಳಿಯದ್ದು, ಒಂದೇ ಸಲ ಫೋನು ಹಚ್ಚಿದ್ದು, ಬಲ್ಬು ಆರಿಸಿದ್ದು, ಪೇಢೆ ತಿಂದದ್ದು. ಕಣ್ಣಲ್ಲಿ ನೀರು ಬಂದು ಭಂಡಾರದೊಂದಿಗೆ ಕೆನ್ನೆಗಿಳಿಯಿತು. ಅಮಸಿದ್ದಪ್ಪ ಕೋಲಿನ ಮೇಲೆ ಎರಡೂ ಕೈ ಊರಿ ಕೇಳಿಸಿಕೊಂಡ.

“ಅಳಿಸಿಬಿಟ್ಟಿದ್ದಿಯೇನು?”

“ಇಲ್ಲ. ಬಂದಕುರಿ ಅಂತ ಒಂದ ಲೇಯರ್ ಮಾಡಿರ್ತೇನಿ. ಅದರಾಗ ಇಟ್ಟಿದ್ನಿ.”

“ಬಂದಕುರಿ?” ಮುದುಕನ ಹುಬ್ಬು ಮೇಲೆ ಹೋದವು. “ಕಂಪ್ಯೂಟರದಾಗ?”

“ಹ್ಞೂಂ.”

“ಮತ್ತ ಏನ್ ಬೇ? ಇಟ್ಕೊಂಡಿ, ಕಡೀಲಿಲ್ಲ, ಮಾರಲಿಲ್ಲ. ಮಾಲಕ ಬಂದ, ಕೊಟ್ಟಿ. ಕಾಯಿ ಸುದ್ದಾ ಈಗ ಒಡದೀವಿ.” ಆಮೇಲೆ ಅವನ ದನಿ ಬಿಗಿಯಾಯಿತು. “ಆದರ ಕಿವಿ ನೋಡಲಿಲ್ಲ ನೀ. ಹೊರಗಿನಾವ್ರಿಗೆ ತಿಳೀಲಿಲ್ಲಂದ್ರ ತಿಳೀಲಿಲ್ಲ. ನಮ್ಮನಿ ಗುರುತ ನಿನಗ ತಿಳೀಲಿಲ್ಲಲ್ಲ, ಅದಕ್ಕ ನನಗ ಕೆಟ್ಟ ಅನಸ್ತೈತಿ.”

ಯಲ್ಲಕ್ಕ ತಲೆ ತಗ್ಗಿಸಿದಳು. ಆ ಮಾತು ಕೇಳಬೇಕೆಂದೇ ಅವಳು ಅಲ್ಲಿಗೆ ಬಂದಿದ್ದಳೇನೋ, ಕೇಳಿದ ಮೇಲೆ ಉಸಿರು ಸರಾಗವಾಯಿತು. ಅಮಸಿದ್ದಪ್ಪ ಕೋಲನ್ನು ಅವಳ ಕೈಗೆ ಕೊಟ್ಟ.

“ಹಿಡಿ. ಚಪ್ಲಿ ಬಿಡು. ಮುಂದ ನೀ ನಡಿ.”

“ನಾನ? ದಾರಿ ತಪ್ಪಿದ್ರ?”

“ತಪ್ಪಿದ್ರ ಹಿಂದ ನಾ ಅದೇನಿ.”

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಮುಂದಾದಳು. ಹಿಂದಿನಿಂದ ಅಪ್ಪನ ಕೂಗು ಕೇಳಿತು, ಪೂಲಿನ ಮೇಲೆ ಗೊರಸುಗಳ ಸಪ್ಪಳವಾಯಿತು. ಬಿಸಿಲಿಗೆ ನೆಲ ಕಾದಿತ್ತು. ಹದಿಮೂರು ವರ್ಷ ಕುರ್ಚಿಗೆ ಒಗ್ಗಿದ ಕಾಲು ಮೊದಲು ಚುರುಗುಟ್ಟಿತು, ಆಮೇಲೆ ಸುಮ್ಮನಾಯಿತು. ಇವತ್ತು ಕೈಯಲ್ಲಿ ನಕ್ಷೆ ಇರಲಿಲ್ಲ. ಕಣ್ಣು ಹೊಳೆಯಾಚೆಯ ಮರಗಳ ಮೇಲಿತ್ತು, ಮನಸ್ಸು ಅಪ್ಪ ಅಂದ ಮಾತಿನ ಮೇಲಿತ್ತು, ದಾರಿಯ ಕಡೆ ಎರಡೂ ಇರಲಿಲ್ಲ. ಎಷ್ಟು ದೂರ ಬಂದೆನೆಂದು ನೋಡಿಕೊಂಡಾಗ ಅವಳು ಎಡಕ್ಕೆ ಹೊರಳಿ ಆಗಿತ್ತು. ಬಲಗಡೆ ಬಯಲು, ಒಣ ಹುಲ್ಲು. ಮುಚ್ಚಿಹೋದ ಬಾವಿಯ ಸುತ್ತ ಅವಳ ಕಾಲು ತಾವಾಗಿಯೇ ಅರ್ಧ ಸುತ್ತು ನಡೆದಿದ್ದವು.

ತಿರುಗಿ ನೋಡಿದಳು. ಹಿಂಡೂ ಅವಳ ಹಿಂದೆ ಹೊರಳುತ್ತಿತ್ತು, ಅದರ ಹಿಂದೆ ಅಪ್ಪ.